ಬೆಲ್ಲದ ಉಗ್ರಾಣಕ್ಕೆ ಸೀಸವಿಲ್ಲದ ಪೆಲೆಟ್: ಹಳೆಯ ಏರ್‌ಗನ್ನಿನ ದುರಸ್ತಿ ಮತ್ತು ಒಂದು ತಡೆಹಲಗೆಯ ತಯಾರಿ

ಪಾಂಡವಪುರ ತಾಲ್ಲೂಕಿನಲ್ಲಿ ನನ್ನ ಸೋದರಮಾವನವರದೊಂದು ಆಲೆಮನೆ ಇದೆ. ಅದಕ್ಕೆ ಅಂಟಿಕೊಂಡಂತೆ, ಅಚ್ಚುಬೆಲ್ಲವನ್ನೂ ಬಕೆಟ್ ಬೆಲ್ಲವನ್ನೂ ಮಂಡಿಗೆ ಸಾಗಿಸುವವರೆಗೆ ಇಡುವ ಉಗ್ರಾಣವಿದೆ. ಒಲೆಗೆಂದು ಹೊರಗೆ ಒಟ್ಟಿರುವ ಕಬ್ಬಿನ ಸಿಪ್ಪೆಯ ರಾಶಿಯಲ್ಲಿ ಹೆಗ್ಗಣಗಳು ಬೀಡುಬಿಟ್ಟು, ರಾತ್ರಿ ಹೊತ್ತು ಸೈಜುಕಲ್ಲಿನ ಗೋಡೆಯ ಬುಡದ ಬಿಲಗಳಿಂದ ಒಳಗೆ ಬರುತ್ತವೆ. ತಿನ್ನುವ ಪದಾರ್ಥ ಇರುವ ಕೋಣೆಯಲ್ಲಿ ಜಿಂಕ್ ಫಾಸ್ಫೈಡ್ ಆಗಲಿ ಬ್ರೋಮಾಡಿಯೋಲೋನ್ ಆಗಲಿ ಇಡುವಂತಿಲ್ಲ. ಇಟ್ಟರೂ ವಿಷ ತಿಂದ ಪ್ರಾಣಿ ಗೋಡೆಯೊಳಗೇ ಸತ್ತು ನಾರುತ್ತದೆ. ಬೋನಿಗೆ ಮೊದಮೊದಲು ಬಿದ್ದ ಹೆಗ್ಗಣಗಳು ಕ್ರಮೇಣ ಅದರ ಹತ್ತಿರ ಸುಳಿಯುವುದನ್ನೇ ಬಿಟ್ಟವು. ಹೀಗಾಗಿ ಆ ಮನೆಯಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವುದು ನಳಿಗೆಯನ್ನು ಮಡಿಸಿ ಸ್ಪ್ರಿಂಗ್ ಎಳೆಯುವ ಮಾದರಿಯ 4.5 ಮಿ.ಮೀ. ಏರ್‌ಗನ್.

ಆ ಏರ್‌ಗನ್ನನ್ನು ಸರಿಪಡಿಸಿಕೊಡುವಂತೆ ಮಾವ ಕೇಳಿದಾಗ ನಾನು ಮೊದಲು ನೋಡಿದ್ದು ಉಗ್ರಾಣದ ನೆಲವನ್ನು. ಬೆಲ್ಲದ ಅಚ್ಚುಗಳನ್ನು ಜೋಡಿಸುವ ಹಲಗೆಗಳ ಸಂದಿಯಲ್ಲಿ, ಗೋಡೆಯ ಬುಡದ ಮಣ್ಣಿನಲ್ಲಿ, ಏರ್‌ಗನ್ನಿನಿಂದ ಹಾರಿಸುವ ಸಣ್ಣ ಗುಂಡುಗಳು, ಅಂದರೆ ಪೆಲೆಟ್ಟುಗಳು, ಕಲ್ಲಿಗೆ ಬಡಿದು ಬಿಲ್ಲೆಯಂತೆ ಚಪ್ಪಟೆಯಾದ ಸೀಸದ ಚೂರುಗಳಾಗಿ, ಹಳೆಯವೂ ಹೊಸವೂ ಸೇರಿ ಸಿಕ್ಕವು. ಬೂದು ಬಣ್ಣದ ಮೇಲ್ಪದರ ಬೆರಳಿಗೆ ಹತ್ತುತ್ತಿತ್ತು. ಸೀಸದ ವಿಷಯದಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಗೆ ಬಳಿಯುವ ಬಣ್ಣದಲ್ಲಿಯೇ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದೆಂದು ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ನಿಯಮವಿದೆ. ಗೋಡೆಯ ಬಣ್ಣಕ್ಕೆ ಇಷ್ಟು ಎಚ್ಚರಿಕೆ ವಹಿಸುವಾಗ, ಮಕ್ಕಳು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುವ ಬೆಲ್ಲದ ಪಕ್ಕದಲ್ಲಿ ಸೀಸವನ್ನು ಸಿಡಿಸುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣಲಿಲ್ಲ. ಏರ್‌ಗನ್ನನ್ನು ಸರಿಪಡಿಸುವುದಾದರೆ ಸೀಸವಿಲ್ಲದ ಪೆಲೆಟ್ಟಿಗೆ ಹೊಂದುವಂತೆ ಸರಿಪಡಿಸುವುದು, ಜೊತೆಗೆ ಹಾರಿಸಿದ ಪ್ರತಿಯೊಂದು ಪೆಲೆಟ್ ಮತ್ತೆ ಕೈಗೆ ಸಿಗುವಂತೆ ಒಂದು ತಡೆಹಲಗೆಯನ್ನು ಮಾಡುವುದು ಎಂದು ತೀರ್ಮಾನಿಸಿದೆವು.

ಕಾನೂನಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಡದ ಆಯುಧವೆಂದ ಮಾತ್ರಕ್ಕೆ ಅದನ್ನು ಕಂಡ ಪ್ರಾಣಿಯ ಮೇಲೆಲ್ಲ ಹಾರಿಸಬಹುದೆಂದು ಅರ್ಥವಲ್ಲ. ಕಾಡುಹಂದಿ, ನವಿಲು, ಮುಂಗುಸಿ, ಉಡ ಮುಂತಾದವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಗಳು. ಇಲಿ, ಕಾಗೆ, ಬಾವಲಿಗಳನ್ನು ಪೀಡೆಗಳೆಂದು ಪಟ್ಟಿಮಾಡಿದ್ದ ಆ ಕಾಯ್ದೆಯ ಐದನೆಯ ಅನುಸೂಚಿಯನ್ನು 2022ರ ತಿದ್ದುಪಡಿ ತೆಗೆದುಹಾಕಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಈಗ ರಕ್ಷಿತ ಪ್ರಾಣಿಯೊಂದನ್ನು ಪೀಡೆಯೆಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ನಮ್ಮ ಕೆಲಸ ನಾಲ್ಕು ಗೋಡೆಗಳ ಒಳಗೆ ಬರುವ ಇಲಿ ಹೆಗ್ಗಣಗಳಿಗಷ್ಟೇ ಸೀಮಿತ.

ಏರ್‌ಗನ್ನನ್ನು ಬಿಚ್ಚುವ ಮೊದಲು ಅದರ ಸದ್ಯದ ಬಲ ಎಷ್ಟಿದೆ ಎಂದು ತಿಳಿಯಬೇಕಿತ್ತು. ವೇಗ ಅಳೆಯುವ ಎಲೆಕ್ಟ್ರಾನಿಕ್ ಉಪಕರಣ ನನ್ನ ಬಳಿ ಇಲ್ಲದ ಕಾರಣ, ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ ಲೋಲಕದ ವಿಧಾನವನ್ನೇ ಹಿಡಿದೆ. ತೆಳು ಹಲಗೆಯ ಸಣ್ಣ ಪೆಟ್ಟಿಗೆಗೆ ಗಣಪತಿ ಮಾಡುವವರಿಂದ ತಂದ ಜೇಡಿಮಣ್ಣನ್ನು ತುಂಬಿ, ಒಟ್ಟು ತೂಕ ಸರಿಯಾಗಿ 500 ಗ್ರಾಂ ಬರುವಂತೆ ಮಾಡಿ, ನಾಲ್ಕು ಮೂಲೆಗಳಿಗೆ ನಾಲ್ಕು ದಾರ ಕಟ್ಟಿ ತೊಲೆಯಿಂದ ಒಂದು ಮೀಟರ್ ಕೆಳಗೆ ತೂಗುಹಾಕಿದೆ. ನಾಲ್ಕು ದಾರ ಏಕೆಂದರೆ, ಒಂದೇ ದಾರದಲ್ಲಿ ಕಟ್ಟಿದರೆ ಪೆಟ್ಟಿಗೆ ಬುಗುರಿಯಂತೆ ತಿರುಗಿ ಲೆಕ್ಕ ಕೆಡುತ್ತದೆ. ಪೆಟ್ಟಿಗೆಯ ಹಿಂದೆ ಒಂದು ಹಗುರವಾದ ಕಾಗದದ ತುಂಡನ್ನು ಅಳತೆಪಟ್ಟಿಯ ಮೇಲೆ ಇಟ್ಟರೆ, ಪೆಟ್ಟಿಗೆ ಹಿಂದಕ್ಕೆ ಸರಿದಷ್ಟು ದೂರ ಅದು ತಳ್ಳಿಸಿಕೊಂಡು ಅಲ್ಲಿಯೇ ನಿಲ್ಲುತ್ತದೆ. ನಳಿಗೆಯ ಬಾಯಿ ಪೆಟ್ಟಿಗೆಯಿಂದ ಕನಿಷ್ಠ ಒಂದು ಮೀಟರ್ ದೂರವಿರಬೇಕು, ಇಲ್ಲವಾದರೆ ಹಿಂದಿನಿಂದ ನುಗ್ಗುವ ಗಾಳಿಯೂ ಪೆಟ್ಟಿಗೆಯನ್ನು ತಳ್ಳುತ್ತದೆ. ಜೇಡಿಮಣ್ಣು ಒಣಗಿದಂತೆ ತೂಕ ಇಳಿಯುವುದರಿಂದ ಆಗಾಗ ತೂಗಿ ನೀರು ಚಿಮುಕಿಸುತ್ತಿರಬೇಕು.

ಲೆಕ್ಕ ಸುಲಭವಾಗಿದೆ. ದಾರದ ಉದ್ದ ಒಂದು ಮೀಟರ್ ಆಗಿದ್ದರೆ, ಪೆಟ್ಟಿಗೆ ಸರಿದ ದೂರವನ್ನು ಮೀಟರಿನಲ್ಲಿ ಬರೆದು 3.13ರಿಂದ ಗುಣಿಸಿದರೆ ಪೆಟ್ಟಿಗೆಯ ವೇಗ ಸಿಗುತ್ತದೆ. ಅದನ್ನು ಪೆಟ್ಟಿಗೆಯ ತೂಕಕ್ಕೂ ಪೆಲೆಟ್ಟಿನ ತೂಕಕ್ಕೂ ಇರುವ ಅನುಪಾತದಿಂದ ಗುಣಿಸಿದರೆ ಪೆಲೆಟ್ಟಿನ ವೇಗ. ಪೆಲೆಟ್ಟಿನ ತೂಕವನ್ನು ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಯೊಂದರ ತಕ್ಕಡಿಯಲ್ಲಿ ಐವತ್ತನ್ನು ಒಟ್ಟಿಗೆ ಹಾಕಿ ತೂಗಿಸಿಕೊಂಡೆ: ಸೀಸದ್ದು ಒಂದಕ್ಕೆ 0.53 ಗ್ರಾಂ, ತವರದ ಮಿಶ್ರಲೋಹದ್ದು 0.36 ಗ್ರಾಂ. ದುರಸ್ತಿಗೆ ಮೊದಲು ಸೀಸದ ಪೆಲೆಟ್ ಪೆಟ್ಟಿಗೆಯನ್ನು ತಳ್ಳಿದ್ದು ಸುಮಾರು 37 ಮಿ.ಮೀ., ಅಂದರೆ ಸೆಕೆಂಡಿಗೆ 109 ಮೀಟರ್ ವೇಗ, 3.2 ಜೂಲ್ ಶಕ್ತಿ. ಈ ಬಲದಲ್ಲಿ ಹೆಗ್ಗಣಕ್ಕೆ ಹಾರಿಸಿದರೆ ಅದು ಗಾಯಗೊಂಡು ಬಿಲ ಸೇರುತ್ತದೆಯೇ ಹೊರತು ಸಾಯುವುದಿಲ್ಲ. ನಾನು ಲೆಕ್ಕ ಬರೆಯುತ್ತಿದ್ದುದನ್ನು ನೋಡಿದ ಮಾವ, “ಒಂದು ಹೆಗ್ಗಣ ಹೊಡಿಯಾಕೆ ಇಷ್ಟೆಲ್ಲ ಗಣಿತ ಯಾಕ್ಲಾ?” ಎಂದರು. ಆದರೆ ಪೆಟ್ಟಿಗೆ ಹಿಂದಕ್ಕೆ ಸರಿಯುವ ಆಟ ಅವರಿಗೂ ಹಿಡಿಸಿತು. ಮುಂದಿನ ಅಳತೆಗಳನ್ನೆಲ್ಲ ಓದಿ ಹೇಳಿದವರು ಅವರೇ.

ಬಲ ಕುಸಿದಿರುವುದಕ್ಕೆ ಕಾರಣ ಎರಡು ಕಡೆ ಇರಬಹುದಿತ್ತು. ನಳಿಗೆ ಮಡಿಚುವ ಜಾಗದಲ್ಲಿರುವ ಸಣ್ಣ ಸೀಲಿನ ಸುತ್ತ ಟಿಶ್ಯೂ ಕಾಗದದ ಎಳೆಯೊಂದನ್ನು ಇಟ್ಟು, ಪೆಲೆಟ್ ಹಾಕಿ ಹಾರಿಸಿದಾಗ ಎಳೆ ಹಾರಿಹೋಯಿತು. ಅಲ್ಲಿ ಗಾಳಿ ಸೋರುತ್ತಿರುವುದು ಖಚಿತವಾಯಿತು. ಉಳಿದದ್ದು ಪಿಸ್ಟನ್ನಿನ ಚರ್ಮದ ವಾಷರ್. ಅದನ್ನು ನೋಡಲು ಸ್ಪ್ರಿಂಗನ್ನೇ ಹೊರತೆಗೆಯಬೇಕು. ಈ ಸ್ಪ್ರಿಂಗ್, ನಳಿಗೆಯನ್ನು ಮಡಿಸಿ ಎಳೆಯದೆ ಇರುವಾಗಲೂ ಸ್ವಲ್ಪ ಒತ್ತಲ್ಪಟ್ಟೇ ಕುಳಿತಿರುತ್ತದೆ. ಹಿಂದಿನ ಮುಚ್ಚಳವನ್ನು ಬರಿಗೈಯಲ್ಲಿ ಬಿಚ್ಚಿದರೆ ಅದು ಮುಖಕ್ಕೆ ನೆಗೆಯಬಲ್ಲದು. ಆದ್ದರಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದರಲ್ಲಿ, ಹಲಗೆಯ ಮೇಲೆ ಉದ್ದನೆಯ ಬಡಗಿ ಕ್ಲ್ಯಾಂಪ್ ಕೂರಿಸಿ, ಅದರ ನಡುವೆ ಏರ್‌ಗನ್ನಿನ ಕೊಳವೆಯನ್ನು ಹಿಡಿಸಿ, ತಿರುಪನ್ನು ಸಡಿಲಿಸುತ್ತಾ ಸ್ಪ್ರಿಂಗನ್ನು ನಿಧಾನವಾಗಿ ಹಿಗ್ಗಲು ಬಿಟ್ಟೆವು. ಇಷ್ಟು ಸಲಕರಣೆ ಇಲ್ಲದವರು ಈ ಹಂತವನ್ನು ಬಲ್ಲವರಿಗೇ ಒಪ್ಪಿಸುವುದು ಒಳ್ಳೆಯದು.

ವಾಷರ್ ಒಣಗಿ ಗಟ್ಟಿಯಾಗಿ ಅಂಚು ಸೀಳಿತ್ತು. ಹೊಸದನ್ನು ಹುಡುಕಿದ್ದು ಏರ್‌ಗನ್ ಮಾರುವ ಅಂಗಡಿಯಲ್ಲಲ್ಲ, ಕೈಪಂಪಿನ ಬಿಡಿಭಾಗ ಮಾರುವಲ್ಲಿ. ಹಳೆಯ ಕೈಪಂಪುಗಳ ಪಿಸ್ಟನ್ನಿಗೆ ಹಾಕುತ್ತಿದ್ದ, ಬಟ್ಟಲಿನ ಆಕಾರದ ಚರ್ಮದ ವಾಷರಿನ ಜಾತಿಯದೇ ಇದೂ. ಅಳತೆ ಮಾತ್ರ ಚಿಕ್ಕದು, ಹಾಗಾಗಿ ಕೈಯಲ್ಲೇ ಮಾಡಿಕೊಳ್ಳಬೇಕಾಯಿತು. ದಪ್ಪ ಚರ್ಮದ ಬಿಲ್ಲೆಯೊಂದನ್ನು ಕೊಯ್ದು, ಬಿಸಿನೀರಿನಲ್ಲಿ ನೆನೆಸಿ, ಕೊಳವೆಯ ಒಳವ್ಯಾಸಕ್ಕೆ ಸರಿಯಾಗಿ ಲೇತಿನಲ್ಲಿ ಕೊರೆದ ಮರದ ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಅದೇ ಬಟ್ಟಲಿನ ಆಕಾರ ಬರುತ್ತದೆ. ಅಂಚನ್ನು ಹರಿತವಾದ ಬ್ಲೇಡಿನಿಂದ ಸವರಿ, ಕೊಳವೆಯೊಳಗೆ ಬೆರಳಿನ ಒತ್ತಡಕ್ಕೆ ಬಿಗಿಯಾಗಿ ಜಾರುವಷ್ಟಕ್ಕೆ ತಂದು, ಸಿಲಿಕೋನ್ ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಹೊಲಿಗೆ ಯಂತ್ರದ ಎಣ್ಣೆ, ಎಂಜಿನ್ ಆಯಿಲ್ ಮುಂತಾದ ಖನಿಜ ಎಣ್ಣೆಗಳನ್ನು ಇಲ್ಲಿ ಬಳಸಕೂಡದು. ಪಿಸ್ಟನ್ ನುಗ್ಗುವಾಗ ಒಳಗಿನ ಗಾಳಿ ಕ್ಷಣಮಾತ್ರದಲ್ಲಿ ಬಹಳ ಬಿಸಿಯಾಗಿ, ಡೀಸೆಲ್ ಎಂಜಿನ್ನಿನಲ್ಲಾಗುವಂತೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಹೊಗೆ, ದೊಡ್ಡ ಸದ್ದು, ಮತ್ತು ಒಂದೊಂದು ಸಲ ಒಂದೊಂದು ವೇಗ. ಹಗುರವಾದ ತವರದ ಪೆಲೆಟ್ ಬಳಸುವಾಗ ಈ ವಾಷರಿಗೆ ಇನ್ನೂ ಒಂದು ಪರೀಕ್ಷೆ ಎದುರಾಗುತ್ತದೆ. ಭಾರವಾದ ಪೆಲೆಟ್ ತುಸು ತಡೆದು ಹೊರಡುವುದರಿಂದ ಅದರ ಹಿಂದೆ ಗಾಳಿಯ ಮೆತ್ತೆಯೊಂದು ನಿಂತು ಪಿಸ್ಟನ್ನನ್ನು ತಡೆಯುತ್ತದೆ. ಹಗುರವಾದದ್ದು ಬೇಗ ಹೊರಟುಹೋಗಿ, ಪಿಸ್ಟನ್ ಕೊಳವೆಯ ಕೊನೆಗೆ ಹೆಚ್ಚು ಜೋರಾಗಿ ಬಡಿಯುತ್ತದೆ. ಆದ್ದರಿಂದ ಹೆಚ್ಚು ಬಲದ ಸ್ಪ್ರಿಂಗ್ ಹಾಕುವ ಸಲಹೆಯನ್ನು ನಾನು ಒಪ್ಪಲಿಲ್ಲ. ಹಳೆಯ ಸ್ಪ್ರಿಂಗ್ ನೆಟ್ಟಗೇ ಇತ್ತು, ಅದನ್ನೇ ಒರೆಸಿ ಗ್ರೀಸ್ ಸವರಿ ಮರಳಿ ಹಾಕಿದೆ.

ನಳಿಗೆಯನ್ನು ಶುಚಿಗೊಳಿಸುವ ಕೆಲಸಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಪೆಲೆಟ್ಟನ್ನು ತಿರುಗಿಸಿ ನೇರವಾಗಿ ಹಾರುವಂತೆ ಮಾಡುವ ಒಳಗಿನ ಸುರುಳಿಗೆರೆಗಳ ತುಂಬ ಹಳೆಯ ಸೀಸ ಮೆತ್ತಿಕೊಂಡಿತ್ತು. ಮೀನು ಹಿಡಿಯುವ ನೈಲಾನ್ ದಾರಕ್ಕೆ ಹತ್ತಿಬಟ್ಟೆಯ ತುಂಡು ಕಟ್ಟಿ, ಪೆಲೆಟ್ ಹಾಕುವ ಕಡೆಯಿಂದ ಬಾಯಿಯ ಕಡೆಗೆ ಎಳೆಯುತ್ತಾ, ನಡುನಡುವೆ ಮೆತ್ತನೆಯ ಹಿತ್ತಾಳೆ ಬ್ರಷ್ ಆಡಿಸಿ, ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೂ ಮಾಡಿದೆ. ಉಕ್ಕಿನ ಸರಳನ್ನು ಬಾಯಿಯ ಕಡೆಯಿಂದ ತುರುಕಿದರೆ ಬಾಯಿಯ ಅಂಚು ಸವೆದು, ಗುರಿ ಎಂದೆಂದಿಗೂ ಕೆಡುತ್ತದೆ. ಈ ಕೆಲಸದಲ್ಲಿ ಕೈಗವಸು ಹಾಕಿಕೊಂಡು, ಬಳಸಿದ ಬಟ್ಟೆಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಕಟ್ಟಿಟ್ಟೆ. ಅದೇ ಹೊತ್ತಿಗೆ ಉಗ್ರಾಣದ ನೆಲದ ಹಳೆಯ ಸೀಸವನ್ನೂ ತೆಗೆದೆವು: ಒಣ ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆಂದು ಒದ್ದೆ ಬಟ್ಟೆಯಿಂದ ಒರೆಸಿ, ಗೋಡೆಯ ಬುಡದ ಮೇಲ್ಮಣ್ಣನ್ನು ಕೆರೆದು ಚೀಲಕ್ಕೆ ತುಂಬಿ ಹೊರಹಾಕಿ, ಹೊಸ ಮಣ್ಣು ಹಾಕಿ ದಮ್ಮಸು ಮಾಡಿದೆವು.

ಇನ್ನು ಪೆಲೆಟ್ಟಿನ ಮಾತು. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತವರದ್ದು 7.3, ಸತುವಿನದು 7.1, ತಾಮ್ರದ್ದು 8.9. ಒಂದೇ ಆಕಾರ, ಒಂದೇ ಗಾತ್ರದ ಪೆಲೆಟ್ಟನ್ನು ತವರದಲ್ಲಿ ಮಾಡಿದರೆ ತೂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಸೀಸವಿಲ್ಲದ ಗುಂಡುಗಳ ಬಹುಪಾಲು ತಾಪತ್ರಯಗಳು ಹೊರಡುವುದು ಈ ಸಂಗತಿಯಿಂದ. ತವರವನ್ನು ಆರಿಸಿಕೊಂಡದ್ದಕ್ಕೆ ಕಾರಣ, ಶುದ್ಧ ತವರ ಸೀಸದಷ್ಟೇ ಮೆದುವಾದ ಲೋಹ ಎಂಬುದು ಒಂದಾದರೆ, ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕಿ ನಾವು ತಲೆಮಾರುಗಳಿಂದ ಅಡುಗೆ ಮಾಡಿ ಉಂಡಿರುವುದು ಇದೇ ಲೋಹದ ಮೇಲೆ ಎಂಬುದು ಇನ್ನೊಂದು. ಆದರೂ ಪೆಲೆಟ್ ಮಾಡುವವರು ಗಟ್ಟಿತನಕ್ಕೆಂದು ಬೇರೆ ಲೋಹಗಳನ್ನು ಬೆರೆಸಿರುತ್ತಾರೆ. ಆದ್ದರಿಂದ ಹಾರಿಸಿದ ಪೆಲೆಟ್ಟುಗಳನ್ನು ಕೂಡಿಟ್ಟು ಕಲಾಯಿಯವರಿಗೆ ಕೊಡುವ ಯೋಚನೆಯನ್ನು ಯಾರೂ ಮಾಡಬಾರದು.

ಬೆರಕೆಯಿಂದಾಗಿ ಇವು ಸೀಸಕ್ಕಿಂತ ಗಟ್ಟಿ. ಸೀಸದ ಪೆಲೆಟ್ಟಿನ ಹಿಂಭಾಗದ ತೆಳುವಾದ ಲಂಗ ಗಾಳಿಯ ಒತ್ತಡಕ್ಕೆ ಅರಳಿ ಸುರುಳಿಗೆರೆಗಳನ್ನು ತುಂಬಿಕೊಳ್ಳುತ್ತದೆ. ತವರದ್ದು ಅಷ್ಟು ಅರಳುವುದಿಲ್ಲ. ಹಾಗಾಗಿ ಪೆಲೆಟ್ಟಿನ ತಲೆಯ ವ್ಯಾಸ ನಳಿಗೆಗೆ ಮೊದಲೇ ಹೊಂದಿಕೆಯಾಗಿರಬೇಕು. ನನಗೆ ಸಿಕ್ಕ ಎರಡು ಡಬ್ಬಿಗಳಲ್ಲಿ ಒಂದರ ತಲೆ 4.50 ಮಿ.ಮೀ., ಇನ್ನೊಂದರದು 4.52. ಎರಡನ್ನೂ ಮರದ ಕಡ್ಡಿಯಿಂದ ನಿಧಾನವಾಗಿ ನಳಿಗೆಯ ಮೂಲಕ ತಳ್ಳಿ, ಹೊರಬಂದ ಪೆಲೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ. 4.52ರದು ಅರ್ಧದಲ್ಲಿ ಬಿಗಿದು ನಿಂತು, ಸುತ್ತಿಗೆಯ ಹಿಡಿಯಿಂದ ತಟ್ಟಿ ತೆಗೆಯಬೇಕಾಯಿತು. 4.50ರ ತಲೆಯ ಸುತ್ತಲೂ ಗೆರೆಗಳ ಗುರುತು ಒಂದೇ ಆಳದಲ್ಲಿ ಬಿದ್ದಿತ್ತು. ಅದನ್ನೇ ಇಟ್ಟುಕೊಂಡೆ. ಬೆಲೆ ಸೀಸದ ಪೆಲೆಟ್ಟಿಗಿಂತ ಸಾಕಷ್ಟು ಹೆಚ್ಚು. ಆದರೆ ಅಭ್ಯಾಸಕ್ಕೆ ಬೇಕಾಗುವುದನ್ನು ಬಿಟ್ಟರೆ ಉಗ್ರಾಣದಲ್ಲಿ ಖರ್ಚಾಗುವುದು ತೀರ ಕಡಿಮೆ.

ಮರಳಿ ಜೋಡಿಸಿದ ಏರ್‌ಗನ್ನನ್ನು ಲೋಲಕದ ಮುಂದೆ ಇಟ್ಟಾಗ ಸೀಸದ ಪೆಲೆಟ್ ಪೆಟ್ಟಿಗೆಯನ್ನು 51 ಮಿ.ಮೀ.ನ ಆಸುಪಾಸಿನಲ್ಲಿ ತಳ್ಳಿತು: ಸೆಕೆಂಡಿಗೆ ಸುಮಾರು 150 ಮೀಟರ್, 6 ಜೂಲ್. ತವರದ್ದು 40 ಮಿ.ಮೀ. ತಳ್ಳಿತು: ಸುಮಾರು 174 ಮೀಟರ್, 5.5 ಜೂಲ್. ಒಂದು ಮಿಲಿಮೀಟರ್ ತಪ್ಪಾಗಿ ಓದಿದರೆ ವೇಗದಲ್ಲಿ ನೂರಕ್ಕೆ ಎರಡೂವರೆಯಷ್ಟು ವ್ಯತ್ಯಾಸ ಬರುವುದರಿಂದ, ಈ ಅಂಕಿಗಳನ್ನು ಅಷ್ಟೇ ನಿಖರತೆಯವೆಂದು ತಿಳಿಯಬೇಕು. ಕಾನೂನಿನ 20 ಜೂಲ್ ಮಿತಿಗೆ ಎರಡೂ ಬಹಳ ಕೆಳಗಿವೆ. ನಳಿಗೆಯ ಬಾಯಿಯಲ್ಲಿ ತವರ ಹೆಚ್ಚು ವೇಗದಲ್ಲಿ ಹೊರಟರೂ, ಹಗುರವಾದ್ದರಿಂದ ಗಾಳಿಯ ತಡೆಗೆ ಬೇಗ ಸೋಲುತ್ತದೆ. ದೂರ ಹೆಚ್ಚಿದಷ್ಟೂ ಸೀಸ ಮುಂದಾಗುತ್ತದೆ. ಉಗ್ರಾಣದ ಉದ್ದ 8 ಮೀಟರ್ ಆಗಿರುವುದರಿಂದ ನಮಗೆ ಆ ನಷ್ಟ ಅಷ್ಟಾಗಿ ತಟ್ಟುವುದಿಲ್ಲ. ತೆಂಗಿನ ತೋಟದಲ್ಲಿ ಮೂವತ್ತು ಮೀಟರ್ ದೂರಕ್ಕೆ ಇದನ್ನು ಬಳಸುವೆನೆಂದರೆ ನಾನು ಬೇಡವೆಂದೇ ಹೇಳುತ್ತೇನೆ.

ತಳದ ಅಂಚಿಗೆ ಪೆಟ್ಟು ಬಿದ್ದಾಗ ಸಿಡಿಯುವ ಸಣ್ಣ ತೋಟಾ ಬಳಸುವ ರಿಮ್‌ಫೈರ್ ರೈಫಲ್ಲುಗಳಲ್ಲಿಯೂ ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬೇಟೆಗೆ ಅವಕಾಶವಿರುವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸತ್ತ ಪ್ರಾಣಿಗಳನ್ನು ತಿನ್ನುವ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ತುತ್ತಾಗುತ್ತಿದ್ದುದೇ ಮುಖ್ಯ ಕಾರಣವಾಗಿ, 2019ರ ಜುಲೈ 1ರಿಂದ ವನ್ಯಪ್ರಾಣಿಗಳ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಲಾಯಿತು. ಅಲ್ಲಿ ನೆಲದ ಅಳಿಲು, ಮೊಲಗಳಂಥ ಬೆಳೆಗೇಡಿ ಪ್ರಾಣಿಗಳಿಗೆ ಬಳಸುವುದು ಹೆಚ್ಚಾಗಿ 1887ರಿಂದ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾವನ್ನು. ಅದರ ಸಾಮಾನ್ಯ ಸೀಸದ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಸೀಸವಿಲ್ಲದವುಗಳಲ್ಲಿ ತಾಮ್ರದ ಪುಡಿಯನ್ನು ಪಾಲಿಮರ್ ಜೊತೆ ಒತ್ತಿ ಮಾಡಿದ್ದು 21 ಗ್ರೇನ್, ತವರದ್ದು 26 ಗ್ರೇನ್. ತೂಕ ಸರಿದೂಗಿಸಲು ಗುಂಡನ್ನು ಉದ್ದ ಮಾಡೋಣವೆಂದರೆ, ಉದ್ದನೆಯ ಗುಂಡು ಹಾರುವಾಗ ತೂರಾಡದಿರಲು ಹೆಚ್ಚು ವೇಗವಾಗಿ ತಿರುಗಬೇಕು. ಈ ರೈಫಲ್ಲುಗಳ ನಳಿಗೆಯ ಸುರುಳಿಯೋ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತಿನದು, 40 ಗ್ರೇನಿನ ಸೀಸಕ್ಕೆಂದು ಗೊತ್ತುಮಾಡಿದ್ದು. ಆದ್ದರಿಂದ ತಯಾರಕರಿಗೆ ಉಳಿದ ದಾರಿ ಹಗುರವಾದ, ಅತಿವೇಗದ ಗುಂಡು. ಹತ್ತಿರದಲ್ಲಿ ಅದು ಚುರುಕು, ದೂರದಲ್ಲಿ ಸೊರಗುತ್ತದೆ. ಇನ್ನೊಂದು ಮಾತು: ರಿಮ್‌ಫೈರ್ ತೋಟಾದ ತಳದ ಅಂಚಿನಲ್ಲಿ ತುಂಬಿರುವ ಸಿಡಿಮದ್ದಿನಲ್ಲಿ ಸೀಸದ ಸಂಯುಕ್ತವೊಂದು ಇರುವುದು ಸಾಮಾನ್ಯ. ಗುಂಡು ಸೀಸರಹಿತವಾದರೂ ಹೊಗೆ ಹಾಗಿರುವುದಿಲ್ಲ. ಏರ್‌ಗನ್ನಿನಲ್ಲಿ ಮದ್ದೇ ಇಲ್ಲದ್ದರಿಂದ ಪೆಲೆಟ್ ಬದಲಿಸಿದರೆ ಕೆಲಸ ಪೂರ್ತಿಯಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ರೈಫಲ್ಲಿನ ಅತಿವೇಗದ ಸೀಸದ ಗುಂಡು ಮಾಂಸದೊಳಗೆ ಪುಡಿಯಾಗಿ ಚದುರುತ್ತದೆ. ನಮ್ಮ ಏರ್‌ಗನ್ನಿನ ಸೀಸ ಬಹುಮಟ್ಟಿಗೆ ಒಂದೇ ತುಂಡಾಗಿ ಉಳಿಯುತ್ತದೆ. ಹಾಗಾಗಿ ಕಾಂಡೋರಿನ ಕಥೆಯನ್ನು ಇದ್ದಂತೆಯೇ ಇಲ್ಲಿಗೆ ತಂದು ಕೂರಿಸಲಾಗದು. ಆದರೆ ತಿಪ್ಪೆಗೆ ಎಸೆದ ಹೆಗ್ಗಣವನ್ನು ಹದ್ದೋ ನಾಯಿಯೋ ಪೆಲೆಟ್ ಸಮೇತ ನುಂಗಿದರೆ, ಹೊಟ್ಟೆಯ ಆಮ್ಲದಲ್ಲಿ ಆ ತುಂಡು ಕರಗತೊಡಗುತ್ತದೆ. ನನ್ನ ಮಟ್ಟಿಗೆ ಬೆಲ್ಲವೇ ಮೊದಲ ಕಾರಣ, ಹದ್ದು ಎರಡನೆಯದು.

ತಡೆಹಲಗೆಯ ವಿಷಯಕ್ಕೆ ಬರುತ್ತೇನೆ. ಸೀಸಕ್ಕೆಂದು ಸಾಮಾನ್ಯವಾಗಿ ಮಾಡುವ ತಡೆ ತೀರ ಸರಳ: ಪೆಟ್ಟಿಗೆಯೊಳಗೆ ಕಬ್ಬಿಣದ ತಗಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಸೀಸ ಬಡಿದು ಚಪ್ಪಟೆಯಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಅದೇ ತಗಡಿಗೆ ತವರವನ್ನು ಹಾರಿಸಿ ನೋಡಿದಾಗ ಕೆಲವು ಸೀಳಿ ಚೂರಾದವು, ಕೆಲವು ಹೆಚ್ಚೇನೂ ಚಪ್ಪಟೆಯಾಗದೆ ಪೆಟ್ಟಿಗೆಯ ಬಾಯಿಯಿಂದ ಹೊರಗೇ ಬಂದವು. ಗೋಡೆಯ ಸೈಜುಕಲ್ಲಿನದೂ ಇದೇ ಗುಣ. ಸೀಸವಿಲ್ಲದ ಪೆಲೆಟ್ಟನ್ನು ಗಟ್ಟಿ ವಸ್ತುವಿನ ಎದುರು ಹಾರಿಸಿದರೆ ಅದು ಮರಳಿ ನಮ್ಮ ಕಡೆಗೆ ಬರಬಹುದೆಂದೇ ತಿಳಿದು ಮುಂದುವರಿಯಬೇಕು. ಪರೀಕ್ಷೆಯ ಉದ್ದಕ್ಕೂ ವೆಲ್ಡಿಂಗ್ ಅಂಗಡಿಯ ಪಾರದರ್ಶಕ ಕನ್ನಡಕ ಹಾಕಿಕೊಂಡೇ ಇದ್ದೆವು; ಈಗ ಉಗ್ರಾಣದ ಬಾಗಿಲ ಹಿಂದೆಯೂ ಎರಡು ಜೊತೆ ತೂಗುಹಾಕಿದ್ದೇವೆ.

ಮಂಡ್ಯದ ಕಡೆ ಹಸು ಕಟ್ಟಿದ ಮನೆಗಳಲ್ಲೆಲ್ಲ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಇರುತ್ತದೆ. ಅಂಚು ಹರಿದ ಹಳೆಯ ಮ್ಯಾಟ್ ಒಂದನ್ನು ತೊಳೆದು, 18 ಮಿ.ಮೀ. ಪ್ಲೈವುಡ್ಡಿಗೆ ಬೋಲ್ಟು ಹಾಕಿ ಬಿಗಿದು ನೋಡಿದೆ. ಪೆಲೆಟ್ ರಬ್ಬರಿಗೆ ನಾಟದೆ ಚಿಮ್ಮಿ ಹಿಂದಕ್ಕೆ ಬಂತು. ಹಿಂದೆ ಗಟ್ಟಿ ಹಲಗೆಯ ಆಸರೆ ಇದ್ದಾಗ ರಬ್ಬರ್ ಶಕ್ತಿಯನ್ನು ಹೀರುವುದಿಲ್ಲ, ಹಿಂದಿರುಗಿಸುತ್ತದೆ. ಆದ್ದರಿಂದ ಪೆಲೆಟ್ಟಿನ ವೇಗವನ್ನು ಮ್ಯಾಟಿಗೆ ತಲುಪುವ ಮೊದಲೇ ಕೊಲ್ಲಬೇಕಿತ್ತು. ಪ್ಲೈವುಡ್ ಮತ್ತು ಮ್ಯಾಟಿನ ಮುಂದೆ ಮೂರು ಅಂಗುಲ ಆಳದ ಮರದ ಚೌಕಟ್ಟು ಹೊಡೆದು, ಅದರೊಳಗೆ ಬಿಡಿಸಿದ ತೆಂಗಿನ ನಾರನ್ನು ಸಡಿಲವಾಗಿ ತುಂಬಿ, ನಾರು ಚೆಲ್ಲದಂತೆ ಕೋಳಿಬಲೆಯ ಬದಲು ತೆಳುವಾದ ನೈಲಾನ್ ಸೊಳ್ಳೆಪರದೆ ಹೊದಿಸಿದೆ, ಏಕೆಂದರೆ ತಂತಿಗೆ ಬಡಿದ ಪೆಲೆಟ್ ಎತ್ತ ತಿರುಗುವುದೋ ಹೇಳಲಾಗದು. ಎಲ್ಲಕ್ಕಿಂತ ಮುಂದೆ ಗೋಣಿತಾಟನ್ನು ಎರಡು ಮಡಿಕೆ ಮಾಡಿ ಮೇಲಂಚಿನಿಂದ ಮಾತ್ರ ತೂಗುಬಿಟ್ಟೆ; ಕೆಳಗಂಚಿಗೆ ಮೊಳೆಯಿಲ್ಲ. ಬಿಗಿದು ಕಟ್ಟಿದ ಬಟ್ಟೆಯನ್ನು ಪೆಲೆಟ್ ತೂತು ಮಾಡಿ ದಾಟಿಬಿಡುತ್ತದೆ, ಇಳಿಬಿಟ್ಟ ಬಟ್ಟೆ ತಾನೂ ಹಿಂದಕ್ಕೆ ಸರಿದು ವೇಗದ ಒಂದಷ್ಟನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದು ನಾರಿನಲ್ಲಿ ಸಿಕ್ಕಿ ನಿಲ್ಲುತ್ತದೆ, ಅದನ್ನೂ ದಾಟಿದ ಅಪರೂಪದ್ದು ಮ್ಯಾಟಿಗೆ ತಾಗಿ ಮತ್ತೆ ನಾರಿಗೇ ಬೀಳುತ್ತದೆ. ನೆಲದ ಮೇಲೆಲ್ಲ ಪತ್ರಿಕೆ ಹಾಸಿ 8 ಮೀಟರಿನಿಂದ ನೇರವಾಗಿಯೂ ಓರೆಯಾಗಿಯೂ ಹಾರಿಸಿ ನೋಡಿದಾಗ ಪತ್ರಿಕೆಯ ಮೇಲೆ ಒಂದೂ ಬೀಳಲಿಲ್ಲ.

ಹಲಗೆಯ ಅಳತೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಹೆಗ್ಗಣ ಗೋಡೆಯ ಬುಡ ಹಿಡಿದೇ ಓಡಾಡುವುದರಿಂದ ಕೆಳಗಂಚು ನೆಲಕ್ಕೆ ತಾಗಿಯೇ ಇರಬೇಕು. ಅಲ್ಲಿ ಜಿಂಕ್ ಶೀಟಿನ ಉದ್ದನೆಯ ತಟ್ಟೆಯೊಂದನ್ನು ಕೂರಿಸಿ, ಅದರ ಮೇಲೆ ಮರಳು ಹರಡಿ, ಕೊಬ್ಬರಿ ಚೂರನ್ನು ನಡುವೆ ಇಡುತ್ತೇವೆ. ಸಾಮಾನ್ಯವಾಗಿ ಪೆಲೆಟ್ ಹೆಗ್ಗಣದ ದೇಹದಲ್ಲೇ ಉಳಿಯುತ್ತದೆ. ಗುರಿ ತಪ್ಪಿದ್ದು, ದೇಹ ಹಾಯ್ದದ್ದು ಈ ಹಲಗೆಗೆ. ಬೆಲ್ಲದ ಅಚ್ಚುಗಳು ಗುರಿಯ ಗೆರೆಯಲ್ಲಿ ಎಲ್ಲಿಯೂ ಇರದಂತೆ ನೆಲದ ಮೇಲೆ ಸುಣ್ಣದ ಪಟ್ಟೆ ಎಳೆದಿದ್ದೇವೆ. ಸೀಸವನ್ನಾಗಲಿ ತವರವನ್ನಾಗಲಿ ಅಯಸ್ಕಾಂತ ಎತ್ತುವುದಿಲ್ಲ, ಹಾಗಾಗಿ ಕಳೆದದ್ದನ್ನು ಹುಡುಕಲು ಎಣಿಕೆಯೊಂದೇ ಉಪಾಯ. ಹಾರಿಸಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಬಾಗಿಲ ಹಿಂದಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದು, ಎರಡೂ ತಾಳೆಯಾಗುವವರೆಗೆ ಬೆಲ್ಲವನ್ನು ಗಾಡಿಗೆ ಹೇರುವುದಿಲ್ಲ. ನಾರು ಮತ್ತು ಗೋಣಿ ಹೆಗ್ಗಣಕ್ಕೆ ಗೂಡು ಕಟ್ಟಲು ಹೇಳಿ ಮಾಡಿಸಿದ ಸಾಮಗ್ರಿಯಾದ್ದರಿಂದ, ಹಲಗೆಯನ್ನು ಬೇಕಾದ ರಾತ್ರಿ ಮಾತ್ರ ನಿಲ್ಲಿಸಿ, ಬೆಳಗ್ಗೆ ತೊಲೆಯ ಕೊಕ್ಕೆಗೆ ಎತ್ತಿ ನೇತುಹಾಕಬೇಕು. ಒಲೆಯ ಕಡೆಯ ಗೋಡೆಗೆ ಅದನ್ನು ತರುವಂತೆಯೇ ಇಲ್ಲ, ಒಂದು ಕಿಡಿ ಸಾಕು.

ಗುರಿಯನ್ನು ಹೊಂದಿಸುವಾಗ ಲೆಕ್ಕಕ್ಕೂ ಕಾಗದಕ್ಕೂ ವ್ಯತ್ಯಾಸ ಕಂಡಿತು. 8 ಮೀಟರ್ ಸಾಗುವಷ್ಟರಲ್ಲಿ ಸೀಸ ಸುಮಾರು 14 ಮಿ.ಮೀ., ತವರ ಸುಮಾರು 10 ಮಿ.ಮೀ. ಕೆಳಗಿಳಿಯಬೇಕು, ಅಂದರೆ ತವರ 4 ಮಿ.ಮೀ.ನಷ್ಟು ಮೇಲೆ ಬೀಳಬೇಕು. ನಿಜದಲ್ಲಿ ಅದು 10 ಮಿ.ಮೀ. ಮೇಲೆ, ತುಸು ಎಡಕ್ಕೆ ಬಿತ್ತು. ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಪಿಸ್ಟನ್ನಿನ ಕುಲುಕಾಟ ನಡೆಯುತ್ತಿರುವಾಗಲೇ ಪೆಲೆಟ್ ನಳಿಗೆಯಲ್ಲಿರುತ್ತದೆ. ಬೇಗ ಹೊರಡುವ ಪೆಲೆಟ್ ಆ ಕುಲುಕಾಟದ ಬೇರೊಂದು ಘಳಿಗೆಯಲ್ಲಿ ಹೊರಬೀಳುವುದರಿಂದ ದಿಕ್ಕು ಬದಲಾಗುತ್ತದೆ. ಹಿಂದಿನ ಗುರಿಕಟ್ಟನ್ನು ಕೆಳಗಿಳಿಸಿ, ಬಲಕ್ಕೆ ಸರಿಸಿ ಸರಿಪಡಿಸಿದೆ. ಶುಚಿಯಾದ ನಳಿಗೆಯಲ್ಲಿ ಮೊದಲ ಹಲವು ಪೆಲೆಟ್ಟುಗಳು ಚದುರಿ ಬಿದ್ದು, ಅನಂತರ ಒಂದೆಡೆಗೆ ಕೂಡತೊಡಗಿದವು. ಮರಳಚೀಲದ ಮೇಲೆ ಆನಿಸಿ ಹಾರಿಸಿದಾಗ ಐದು ಪೆಲೆಟ್ಟುಗಳ ಗುಂಪು ಸೀಸಕ್ಕೆ ಸುಮಾರು 14 ಮಿ.ಮೀ., ತವರಕ್ಕೆ ಸುಮಾರು 17. ನಿಂತು ಹಾರಿಸಿದರೆ ಎರಡೂ ಇದರ ಎಷ್ಟೋ ಪಟ್ಟು ಹರಡುತ್ತವೆ. ಎರಡನ್ನೂ ಒಂದೇ ಏರ್‌ಗನ್ನಿನಲ್ಲಿ ಬದಲಿಸಿ ಬದಲಿಸಿ ಬಳಸುವುದರಲ್ಲಿ ಅರ್ಥವಿಲ್ಲವೆಂದು ಉಳಿದ ಸೀಸದ ಡಬ್ಬಿಯನ್ನು ಮನೆಯಿಂದಲೇ ತೆಗೆಸಿದೆ.

ಹೆಗ್ಗಣದ ತಲೆಯಲ್ಲಿ ತಕ್ಷಣ ಸಾವು ತರುವ ಜಾಗ ಎರಡು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. 17 ಮಿ.ಮೀ. ಗುಂಪು ಅದರೊಳಗೆ ಹಿಡಿಸುತ್ತದೆ, ಆದರೆ ಉಳಿಕೆ ಜಾಗ ಬಹಳ ಕಡಿಮೆ. ಆದ್ದರಿಂದ ಮರಳಚೀಲದ ಆಸರೆಯಿಲ್ಲದೆ, ಪ್ರಾಣಿ ಕೊಬ್ಬರಿಯ ಬಳಿ ನಿಂತು ತಿನ್ನುತ್ತಿಲ್ಲದೆ, ಕುದುರೆ (ಟ್ರಿಗರ್) ಎಳೆಯಕೂಡದೆಂಬುದು ಮಾವನವರೂ ಒಪ್ಪಿದ ಕಟ್ಟು. ಒಂದು ಕಿಲೋಗ್ರಾಂ ಮುಟ್ಟುವ ದೊಡ್ಡ ಹೆಗ್ಗಣಕ್ಕೆ 5.5 ಜೂಲ್ ಸಾಲದೆಂದು ನನ್ನ ಅಭಿಪ್ರಾಯ. ಅಂಥದ್ದು ಕಂಡರೆ ಏರ್‌ಗನ್ನನ್ನು ಕೆಳಗಿಟ್ಟು, ಬೋನಿನ ಜಾಗವನ್ನೂ ಒಳಗಿನ ತಿಂಡಿಯನ್ನೂ ಬದಲಿಸಿ ಮತ್ತೆ ಒಡ್ಡುವುದೇ ಸರಿ. ಹೊಡೆದ ಪ್ರಾಣಿಯನ್ನು ತಿಪ್ಪೆಗೆಸೆಯದೆ ತೆಂಗಿನ ಬುಡದಿಂದ ದೂರ, ಎರಡು ಅಡಿ ಆಳದಲ್ಲಿ ಹೂಳುತ್ತೇವೆ.

ಬಳಕೆ ಶುರುವಾದ ಮೇಲೆ ಗೋಣಿತಾಟಿನ ನಡುಭಾಗ ಬೇಗ ಸವೆಯುವುದು ಕಾಣಿಸಿದೆ. ತೂತುಗಳು ಒಂದಕ್ಕೊಂದು ಕೂಡಿಕೊಂಡು ಹರಿಯುವ ಮೊದಲು ಬಟ್ಟೆಯನ್ನು ತಲೆಕೆಳಗು ಮಾಡಿ ಕಟ್ಟಿದರೆ ಇನ್ನೊಂದಷ್ಟು ಕಾಲ ಬರುತ್ತದೆ. ನಾರನ್ನು ಬಿಡಿಸಿ ಪೆಲೆಟ್ ಹೆಕ್ಕುವ ಕೆಲಸ ಬೇಸರದ್ದಾದ್ದರಿಂದ, ಚೌಕಟ್ಟಿನ ಕೆಳಗಂಚಿಗೆ ಕೀಲು ಹಾಕಿ ತೆರೆಯುವಂತೆ ಮಾಡುವುದು, ಮತ್ತು ಗೋಡೆಯ ಬುಡದ ಬಿಲಗಳಿಗೆ ಗಾಜಿನ ಚೂರು ಬೆರೆಸಿದ ಸಿಮೆಂಟ್ ಗಾರೆ ತುಂಬುವುದು ಇನ್ನೂ ಬಾಕಿ ಇವೆ. ಗಾರೆ ಕೆಲಸಕ್ಕೆ ಕಬ್ಬಿನ ಸಿಪ್ಪೆಯ ರಾಶಿಯನ್ನು ಗೋಡೆಯಿಂದ ಹತ್ತು ಅಡಿ ಆಚೆಗೆ ಸರಿಸಬೇಕು. ಅದಕ್ಕೆ ಆಲೆ ನಿಲ್ಲುವ ತಿಂಗಳವರೆಗೆ ಕಾಯಬೇಕು.